ಎರಡನೆಯ ದಾರಿ

ನೀವು ಮಾಡುವ ಕೆಲಸವೇನು ಎಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವ ಭಾಗ್ಯವನ್ನು ಬ್ರಹ್ಮ ನಮ್ಮ ಹಣೆಯಲ್ಲಿ ಬರೆದಿಲ್ಲ. ಬ್ಯಾಂಕಿನವರಿಗೆ ಆ ಕಷ್ಟವಿಲ್ಲ. ಹೋಟೆಲಿನವರಿಗಂತೂ ಇಲ್ಲವೇ ಇಲ್ಲ. ಮುಂಬಯಿಯಲ್ಲಿ ನಮ್ಮ ಕಡೆಯವರೆಂದರೆ ಹೋಟೆಲಿನವರೇ ಎಂದು ಲೋಕ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಕಳೆದ ಗಣೇಶೋತ್ಸವದ ದಿನ ಸಂಘದ ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ತಾವು ಎಲ್ಲಿ ಕೆಲಸಕ್ಕಿರುವುದು?" ಎಂದು ವಿಚಾರಿಸಿದರು. "ಐರೋಲಿಯಲ್ಲಿ, ಸ್ಟೋರೇಜ್ ವಿಭಾಗ" ಎಂದೆವು. "ಓಹೋ, ಗೋಡೌನೋ! ಅಕ್ಕಿಯದೋ, ಈರುಳ್ಳಿಯದೋ?" ಎಂದರು ಅವರು. ವಾಶಿಯ ಸಗಟು ಮಾರುಕಟ್ಟೆ ಅಲ್ಲಿಗೆ ದೂರವಿಲ್ಲವಾದ್ದರಿಂದ ಅವರ ಊಹೆಯಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಸಾರು ಬಂದಿತು. ನಾವು ಬದುಕಿಕೊಂಡೆವು.

ಮನೆಗೆ ಬಂದು ಯೋಚಿಸಿದಾಗ ಹಿರಿಯರ ಮಾತು ನಿಜವೇ ಎನ್ನಿಸಿತು. ನಮ್ಮದೂ ಒಂದು ಉಗ್ರಾಣವೇ. ಅದರಲ್ಲಿ ಅಕ್ಕಿಯ ಬದಲು ಜನರ ಲೆಕ್ಕಪತ್ರ, ರಕ್ತಪರೀಕ್ಷೆಯ ವರದಿ, ವಿಮೆಯ ಕಾಗದ ಇವೆ; ಅಷ್ಟೇ ವ್ಯತ್ಯಾಸ. ಉಗ್ರಾಣ ತುಂಬಿದ್ದರೆ ಸಾಲದು, ಬೇಕಾದ ಹೊತ್ತಿಗೆ ಅದರ ಬಾಗಿಲು ತೆರೆಯಬೇಕು. ನಮಗೆ ಸಂಬಳ ಬರುವುದು ಆ ಬಾಗಿಲಿಗಾಗಿ. ಒಂದು ಬಾಗಿಲು ಮುಚ್ಚಿಕೊಂಡರೆ ಸಾಮಾನು ತಾನಾಗಿಯೇ ಇನ್ನೊಂದು ಬಾಗಿಲಿನಿಂದ ಹೊರಗೆ ಬರುವಂತೆ ಏರ್ಪಾಡು ಮಾಡುವುದು ನಮ್ಮ ಕಸುಬು. ಇದಕ್ಕೆ ನಮ್ಮವರು 'ಪೋರ್ಟ್ ಫೇಲೋವರ್' ಎಂದು ಹೆಸರಿಟ್ಟಿದ್ದಾರೆ. ಪೋರ್ಟ್ ಎಂದರೆ ಬಾಗಿಲು. ಫೇಲೋವರ್ ಎಂದರೆ ಒಬ್ಬ ಬಿದ್ದಾಗ ಇನ್ನೊಬ್ಬ ಹೆಗಲು ಕೊಡುವುದು.

ಹೇಳಲು ಇಷ್ಟು ಸುಲಭವಾದುದನ್ನು ಮಾಡುವಾಗ ನಾವು ಒಮ್ಮೆ ಹೇಗೆ ಮುಗ್ಗರಿಸಿದೆವು ಎಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕೆಂದು ಬಹಳ ದಿನದಿಂದ ಇದ್ದಿತು. ಅದಕ್ಕೆ ಮೊದಲು ನಮ್ಮ ಉಗ್ರಾಣವನ್ನು ಸ್ವಲ್ಪ ತೋರಿಸಬೇಕು.

ಆಳೆತ್ತರದ ಕಬ್ಬಿಣದ ಕಪಾಟುಗಳು ಸಾಲಾಗಿ ನಿಂತಿರುವ, ಮಾಘಮಾಸದ ಬೆಳಗಿನಂತೆ ತಣ್ಣಗಿರುವ, ನೂರಾರು ಬೀಸಣಿಗೆಗಳು ಏಕಕಾಲಕ್ಕೆ ಭೋರೆನ್ನುವ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಒಂದು ಕಪಾಟಿನಲ್ಲಿ ಸ್ಟೋರೇಜ್ ಪೆಟ್ಟಿಗೆ ಇದೆ. ಅದರೊಳಗೆ ಡಿಸ್ಕುಗಳು, ಅವುಗಳ ಯಜಮಾನಿಕೆ ನೋಡಿಕೊಳ್ಳಲು ಎರಡು ಕಂಟ್ರೋಲರುಗಳು. ಒಂದು ಕೆಟ್ಟರೂ ಇನ್ನೊಂದು ಸಂಸಾರ ನಡೆಸಬಲ್ಲುದು. ಪ್ರತಿಯೊಂದು ಕಂಟ್ರೋಲರಿಗೂ ಎರಡು ಬಾಗಿಲು, ಒಟ್ಟಿಗೆ ನಾಲ್ಕು. ಆ ಬಾಗಿಲುಗಳಿಂದ ಹೊರಡುವುದು ಗಾಜಿನ ಎಳೆ. ನಮ್ಮ ಕಡೆಯ ಕಡಲಿನ ನೀರಿನ ಬಣ್ಣದ ಹೊದಿಕೆಯೊಳಗೆ ಕೂದಲಿನಂಥ ಸಣ್ಣ ಗಾಜು. ಅದರೊಳಗೆ ಕಣ್ಣಿಗೆ ಕಾಣದ ಬೆಳಕು. ಈ ಇಡೀ ಪದ್ಧತಿಗೆ ಫೈಬರ್ ಚಾನೆಲ್ ಎಂದು ಹೆಸರು. 1994ರಲ್ಲಿ ಅಮೆರಿಕೆಯಲ್ಲಿ ಇದಕ್ಕೆ ಅಧಿಕೃತವಾಗಿ ಕಟ್ಟಳೆ ಬರೆದರು.

ಗಾಜಿನ ಎಳೆಗಳು ನೇರವಾಗಿ ಸರ್ವರುಗಳಿಗೆ, ಎಂದರೆ ಲೆಕ್ಕ ಮಾಡುವ ಯಂತ್ರಗಳಿಗೆ, ಹೋಗುವುದಿಲ್ಲ. ನಡುವೆ ಸ್ವಿಚ್ಚುಗಳಿವೆ. ಅವೂ ಎರಡು. ಒಂದನ್ನು 'ಎ' ಎನ್ನೋಣ, ಇನ್ನೊಂದನ್ನು 'ಬಿ' ಎನ್ನೋಣ. ಇವೆರಡಕ್ಕೂ ಪರಸ್ಪರ ಮಾತಿಲ್ಲ, ಕತೆಯಿಲ್ಲ. ಪಾಲಾದ ಅಣ್ಣತಮ್ಮಂದಿರ ಮನೆಗಳಂತೆ ಬೇರೆ ಬೇರೆ. ಬೇಕೆಂದೇ ಹಾಗೆ ಇಟ್ಟಿರುತ್ತೇವೆ. 'ಎ' ಮನೆಯಲ್ಲಿ ಯಾರಾದರೂ ಅಪ್ಪಣೆ ತಪ್ಪಿಸಿ ಕೊಟ್ಟು ಎಲ್ಲವೂ ಗೋಜಲಾದರೆ ಆ ಗೋಜಲು 'ಬಿ' ಮನೆಗೆ ಹರಡಬಾರದು. ಪ್ರತಿಯೊಂದು ಸರ್ವರಿನಿಂದಲೂ ಒಂದು ಎಳೆ 'ಎ'ಗೆ, ಒಂದು ಎಳೆ 'ಬಿ'ಗೆ.

ಇನ್ನು ಸರ್ವರಿನ ಕಷ್ಟ ಕೇಳಿ. ಅದಕ್ಕೆ ಒಂದೇ ಡಿಸ್ಕು ನಾಲ್ಕು ದಾರಿಯಿಂದ ಕಾಣಿಸುತ್ತದೆ. ಸುಮ್ಮನೆ ಬಿಟ್ಟರೆ ನಾಲ್ಕು ಡಿಸ್ಕುಗಳಿವೆ ಎಂದೇ ಅದು ತಿಳಿಯುತ್ತದೆ. ಒಬ್ಬನೇ ಅಳಿಯನನ್ನು ನಾಲ್ಕು ಕಿಟಕಿಯಿಂದ ಕಂಡ ಅಜ್ಜಿ ನಾಲ್ಕು ಎಲೆ ಹಾಕಿಸಿದಂತೆ. ಆದ್ದರಿಂದ ಅದರೊಳಗೆ ಮಲ್ಟಿಪಾತ್ ಎಂಬ ವ್ಯವಸ್ಥೆಯನ್ನು ಕೂಡಿಸಿರುತ್ತೇವೆ. ಡಿಸ್ಕಿನ ಗುರುತಿನ ಸಂಖ್ಯೆ ನೋಡಿ, "ಅಜ್ಜೀ, ನಾಲ್ವರೂ ಒಬ್ಬನೇ" ಎಂದು ಅದು ಹೇಳುತ್ತದೆ. ದಾರಿಗಳು ಸರಿಯಾಗಿವೆಯೇ ಎಂದು ಆಗಾಗ ತಟ್ಟಿಯೂ ನೋಡುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ನಾವೇನೂ ಹೇಳದಿದ್ದರೆ 5 ಸೆಕೆಂಡಿನಿಂದ ಈ ತಟ್ಟುವಿಕೆ ಆರಂಭವಾಗುತ್ತದೆ. ಒಂದು ದಾರಿ ಸತ್ತರೆ ಕೆಲಸವನ್ನು ಮತ್ತೊಂದಕ್ಕೆ ತಿರುಗಿಸುತ್ತದೆ. ಮೇಲೆ ಕುಳಿತು ರಸೀದಿ ಬರೆಯುವವರಿಗೆ ಇದು ತಿಳಿಯುವುದೇ ಇಲ್ಲ.

ಇದು ಸರ್ವರಿನ ಕಡೆಯ ಜಾಣತನ. ಪೆಟ್ಟಿಗೆಯ ಕಡೆಯಲ್ಲೂ ಒಂದು ಜಾಣತನ ಉಂಟು. ನಮ್ಮ ಕತೆ ಇರುವುದು ಅದರಲ್ಲಿ. ಪ್ರತಿಯೊಂದು ಬಾಗಿಲಿಗೂ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಒಂದು ಹೆಸರಿರುತ್ತದೆ; ಎಂಟು ಜೋಡಿ ಅಂಕಾಕ್ಷರಗಳ ಉದ್ದ ಹೆಸರು. ಸರ್ವರುಗಳು ಆ ಹೆಸರನ್ನು ಹಿಡಿದೇ ಬಾಗಿಲನ್ನು ಹುಡುಕಿಕೊಂಡು ಬರುತ್ತವೆ. ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಎರಡು ಕಂಟ್ರೋಲರುಗಳ ಬಾಗಿಲುಗಳನ್ನು ಜೋಡಿ ಮಾಡಿರುತ್ತಾರೆ: ಒಂದನೆಯ ಕಂಟ್ರೋಲರಿನ ಮೊದಲ ಬಾಗಿಲಿಗೆ ಎರಡನೆಯದರ ಮೊದಲ ಬಾಗಿಲು ಜೊತೆಗಾರ, ಎರಡನೆಯ ಬಾಗಿಲಿಗೆ ಎರಡನೆಯದು. ಒಂದು ಬಾಗಿಲು ಮುಚ್ಚಿತೋ, ಅದರ ಜೊತೆಗಾರ ತನ್ನ ಹೆಸರನ್ನೂ ಇಟ್ಟುಕೊಂಡು ಬಿದ್ದವನ ಹೆಸರನ್ನೂ ಹೊತ್ತು ನಿಲ್ಲುತ್ತಾನೆ. ಸ್ವಿಚ್ಚು ಒಂದು ಬಾಗಿಲಿನಲ್ಲಿ ಎರಡು ಹೆಸರನ್ನು ಒಪ್ಪುವಂಥದಾಗಿರಬೇಕು. ಅದಕ್ಕೆ ಎನ್‌ಪಿಐವಿ ಎಂಬ ಸೌಕರ್ಯವಿದೆ.

ನಾವು ಊರಿಗೆ ಹೋದಾಗ ನಮ್ಮ ಹೆಸರಿನ ರಿಜಿಸ್ಟರ್ ಪತ್ರವನ್ನು ಪಕ್ಕದ ಮನೆಯವರು ಸಹಿ ಮಾಡಿ ತೆಗೆದುಕೊಳ್ಳುತ್ತಾರಲ್ಲ, ಅದೇ ಇದು. ಅಂಚೆಯವನು ಹಿಂದಿರುಗಿ ಹೋಗಬೇಕಾಗಿಲ್ಲ. ಆದರೆ ಇದಕ್ಕೊಂದು ನಿಯಮವಿದೆ. ಪಕ್ಕದ ಮನೆಯವರು ಅದೇ ಬೀದಿಯಲ್ಲಿರಬೇಕು. ಬೇರೆ ಬೀದಿಯ ಗೆಳೆಯರು ಎಷ್ಟೇ ಆಪ್ತರಾದರೂ ನಮ್ಮ ಬೀದಿಯ ಅಂಚೆಯವನು ಅಲ್ಲಿಗೆ ಹೋಗುವುದಿಲ್ಲ. ಹಾಗೆಯೇ ಜೊತೆಗಾರ ಬಾಗಿಲುಗಳೆರಡೂ ಒಂದೇ ಸ್ವಿಚ್ಚಿನ ಕಡೆಯಲ್ಲಿರಬೇಕು. ಮೊದಲ ಬಾಗಿಲುಗಳೆರಡೂ 'ಎ'ಗೆ. ಎರಡನೆಯ ಬಾಗಿಲುಗಳೆರಡೂ 'ಬಿ'ಗೆ. ಅಂದರೆ ಪ್ರತಿಯೊಂದು ಕಂಟ್ರೋಲರಿಗೂ ಒಂದು ಕಾಲು ಈ ಮನೆಯಲ್ಲಿ, ಒಂದು ಕಾಲು ಆ ಮನೆಯಲ್ಲಿ.

2019ರಲ್ಲಿ ಹೊಸ ಪೆಟ್ಟಿಗೆ ಬಂದಾಗ ನಾವು ಹೀಗೆ ಮಾಡಲಿಲ್ಲ. ನಮಗೆ ಅಚ್ಚುಕಟ್ಟಿನ ಹುಚ್ಚು. ಒಂದನೆಯ ಕಂಟ್ರೋಲರಿನ ಎರಡು ಎಳೆಗಳನ್ನೂ ಒಟ್ಟಿಗೆ ಹೆಣೆದು 'ಎ'ಗೆ ಕೊಟ್ಟೆವು. ಎರಡನೆಯದರ ಎರಡನ್ನೂ ಹೆಣೆದು 'ಬಿ'ಗೆ ಕೊಟ್ಟೆವು. ನೋಡುವುದಕ್ಕೆ ಮದುವೆಯ ಹೆಣ್ಣಿನ ಎರಡು ಜಡೆಯಂತೆ ಚೆನ್ನಾಗಿದ್ದಿತು. ಫೋಟೋ ತೆಗೆದು ಮೇಲಿನವರಿಗೆ ಕಳುಹಿಸಿದ್ದೂ ಆಯಿತು. ಸರ್ವರಿನಲ್ಲಿ ಎಣಿಸಿದರೆ ದಾರಿಗಳು ನಾಲ್ಕಕ್ಕೆ ನಾಲ್ಕು ಸರಿಯಾಗಿದ್ದವು. ಇಲ್ಲಿಯೇ ಮೋಸ. ಸರಿಯಾಗಿ ಹಾಕಿದರೂ ನಾಲ್ಕು, ತಪ್ಪಾಗಿ ಹಾಕಿದರೂ ನಾಲ್ಕು.

ಆಗ ತಾನೇ ನಮ್ಮ ವಿಭಾಗಕ್ಕೆ ಸೊಲ್ಲಾಪುರದ ಹುಡುಗಿಯೊಬ್ಬಳು ಸೇರಿದ್ದಳು. ಮನೆಮಾತು ಕನ್ನಡವಾದ್ದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತನಾಡುವಳು. ನಮ್ಮ ಜಡೆಗಳನ್ನು ನೋಡಿ, "ಸರ, ಛಂದ ಆಗೇದ್ರಿ. ಒಂದು ಕೇಬಲ್ ಕಿತ್ತು ನೋಡೀರೇನ್ರಿ?" ಎಂದು ಕೇಳಿದಳು. ನಾವು ನಕ್ಕೆವು. ನಡೆಯುತ್ತಿರುವ ಯಂತ್ರದ ಕೇಬಲನ್ನು ಕೀಳುವುದೇ! ಗೋಡೆ ಗಟ್ಟಿಯಾಗಿದೆಯೇ ಎಂದು ನೋಡಲು ಯಾರಾದರೂ ಗುದ್ದಲಿ ತೆಗೆದುಕೊಳ್ಳುತ್ತಾರೆಯೇ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದೆವು. ಆ ಮಾತು ಬಹಳ ಚೆನ್ನಾಗಿ ಆಡಿದೆವೆಂದು ನಮಗೆ ಹೆಮ್ಮೆಯೂ ಆಯಿತು.

ಆ ಪೆಟ್ಟಿಗೆಯನ್ನು ಬಳಸುತ್ತಿದ್ದವರಲ್ಲಿ ಒಂದು ಆಸ್ಪತ್ರೆಯೂ ಇದ್ದಿತು. ರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ ಎಲ್ಲವೂ ಒಂದು ಸರ್ವರಿನಲ್ಲಿ. ಆ ಸರ್ವರಿನಿಂದ 'ಎ'ಗೆ ಹೋಗುವ ಎಳೆ ಕಪಾಟಿನ ಬಾಗಿಲಿಗೆ ಸಿಕ್ಕಿ ಬಳುಕಿ, ಬೆಳಕು ಮಂಕಾಗಿ, ಒಂದು ದಿನ ನಿಂತೇ ಹೋಗಿದ್ದಿತು. ಮಲ್ಟಿಪಾತ್ ತನ್ನ ಧರ್ಮದಂತೆ ಕೆಲಸವನ್ನೆಲ್ಲ 'ಬಿ' ದಾರಿಗೆ ತಿರುಗಿಸಿತು. ಯಾರೂ ದೂರಲಿಲ್ಲ. ಯಂತ್ರ ಮಾತ್ರ ದಿನವೂ ಬೆಳಿಗ್ಗೆ "ದಾರಿಗಳು 4ರಲ್ಲಿ 2" ಎಂದು ನಮಗೆ ಪತ್ರ ಬರೆಯುತ್ತಿದ್ದಿತು. ಅಂಥ ಪತ್ರಗಳನ್ನೆಲ್ಲ ಹಾಕಲು ನಮ್ಮಲ್ಲೊಂದು ಕಡತವಿದ್ದಿತು. ಅದರ ಹೆಸರು 'ಆಮೇಲೆ ನೋಡೋಣ'. ನಲವತ್ತು ದಿನ ಪತ್ರಗಳು ಆ ಕಡತದಲ್ಲಿ ಬಿದ್ದವು. ಎರಡು ದಾರಿ ಇವೆಯಲ್ಲ, ಎರಡು ಸಾಲದೇ ಎಂದು ನಾವು. ಆ ಎರಡೂ ಎರಡನೆಯ ಕಂಟ್ರೋಲರಿಗೇ ಹೋಗುತ್ತವೆ ಎಂಬುದನ್ನು ಯೋಚಿಸಲಿಲ್ಲ. ನಮ್ಮ ಅಚ್ಚುಕಟ್ಟಿನ ಜಡೆಯೇ ಅದಕ್ಕೆ ಕಾರಣವೆಂಬುದು ಹೊಳೆಯಲೂ ಇಲ್ಲ.

ಒಂದು ಶನಿವಾರ ರಾತ್ರಿ ಪೆಟ್ಟಿಗೆಯ ತಂತ್ರಾಂಶವನ್ನು ಬದಲಾಯಿಸಬೇಕಾಗಿ ಬಂದಿತು. ಕಂಟ್ರೋಲರುಗಳನ್ನು ಒಂದಾದ ಮೇಲೆ ಒಂದರಂತೆ ನಿಲ್ಲಿಸಿ ಎಬ್ಬಿಸುವ ಕೆಲಸ. ಒಂದನೆಯದು ಸುಸೂತ್ರವಾಗಿ ಮಲಗಿ ಎದ್ದಿತು. ನಾವು ಚಹಾ ಕುಡಿದೆವು. ಒಂದೂವರೆ ಗಂಟೆಗೆ ಎರಡನೆಯದನ್ನು ಮಲಗಿಸಿದೆವು. ಅದರ ಬಾಗಿಲುಗಳ ಹೆಸರನ್ನು ಜೊತೆಗಾರರು ಹೊತ್ತುಕೊಳ್ಳಬೇಕಷ್ಟೆ? ಜೊತೆಗಾರರಿದ್ದುದು 'ಎ' ಬೀದಿಯಲ್ಲಿ. 'ಬಿ' ಬೀದಿಯ ಅಂಚೆಯವನು ಪತ್ರ ಹಿಡಿದುಕೊಂಡು ಮುಚ್ಚಿದ ಬಾಗಿಲಿನ ಮುಂದೆ ನಿಂತ. ಉಳಿದ ಸರ್ವರುಗಳು 'ಎ' ದಾರಿಯಿಂದ ಸಾಗಿದವು. ಆಸ್ಪತ್ರೆಯ ಸರ್ವರಿಗೆ ಆ ದಾರಿ ನಲವತ್ತು ದಿನದ ಹಿಂದೆಯೇ ಸತ್ತಿದ್ದಿತು. ಅದು ಕೆಲವು ಸೆಕೆಂಡು ತಡಕಾಡಿ ನಿಂತುಬಿಟ್ಟಿತು.

ಐದು ನಿಮಿಷದೊಳಗೆ ಆಸ್ಪತ್ರೆಯಿಂದ ಫೋನು. ರಾತ್ರಿ ಪಾಳಿಯ ದಾದಿ ಹಿಂದಿಯಲ್ಲಿ ಮಾತನಾಡಿದರು. ತುರ್ತು ವಿಭಾಗದಲ್ಲಿ ಇಬ್ಬರು ಬಂದಿದ್ದಾರೆ, ಪರದೆ ಅಲ್ಲಾಡುತ್ತಿಲ್ಲ, ಎಷ್ಟು ಹೊತ್ತು ಬೇಕು ಎಂದು ಕೇಳಿದರು. ನಮ್ಮ ಗಂಟಲು ಒಣಗಿಹೋಗಿದ್ದಿತು. ಕಂಟ್ರೋಲರ್ ಎದ್ದೇಳುವವರೆಗೆ ಮಾಡುವಂಥದು ಏನೂ ಇರಲಿಲ್ಲ. ಆ ಶೀತಲ ಕೋಣೆಯಲ್ಲಿ ನಾವು ಬೆವರಿದುದು ಅದೊಂದೇ ಸಲ. "ಸ್ವಲ್ಪ ಹೊತ್ತು" ಎಂದೆವು. ಆಕೆ ಗದರಲಿಲ್ಲ. "ಆಯಿತು, ನಾವು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ" ಎಂದು ಫೋನಿಟ್ಟರು.

ಇಪ್ಪತ್ತಮೂರು ನಿಮಿಷದ ಮೇಲೆ ಎಲ್ಲವೂ ಸರಿಯಾಯಿತು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ ಎಂಬುದನ್ನು ಬೆಳಿಗ್ಗೆ ವಿಚಾರಿಸಿ ತಿಳಿದುಕೊಂಡೆವು. ಕ್ಷಮೆ ಕೇಳಲು ಸ್ವತಃ ಹೋದಾಗ ಆ ದಾದಿ ತಮ್ಮ ಪುಸ್ತಕ ತೋರಿಸಿದರು. ಗೆರೆ ಹೊಡೆದ ದಪ್ಪ ರಟ್ಟಿನ ಪುಸ್ತಕ. ಕಂಪ್ಯೂಟರ್ ಬಂದ ಮೇಲೂ ಅವರು ತಿಂಗಳಿಗೊಮ್ಮೆ ಒಂದು ಗಂಟೆ ಕಾಲ ಎಲ್ಲರಿಂದಲೂ ಅದರಲ್ಲೇ ಬರೆಸುವರಂತೆ. "ಹಾಗೆ ಮಾಡದಿದ್ದರೆ ಬೇಕಾದ ದಿನ ಪೆನ್ನು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ" ಎಂದರು. ನಮ್ಮ ಲಕ್ಷಾಂತರ ರೂಪಾಯಿಯ ಎರಡನೆಯ ದಾರಿ ಕೈಕೊಟ್ಟ ರಾತ್ರಿ ಆಕೆಯ ರಟ್ಟಿನ ಪುಸ್ತಕದ ಎರಡನೆಯ ದಾರಿ ನಡೆದಿತ್ತು.

ಮುಂದಿನ ವಾರವೇ ಎಳೆಗಳನ್ನು ಬಿಚ್ಚಿ ನಿಯಮದಂತೆ ಅಡ್ಡಡ್ಡವಾಗಿ ಹಾಕಿದೆವು. ಈಗ ಅದು ಜಡೆಯಂತಿಲ್ಲ, ಸಿಕ್ಕುಗೂದಲಿನಂತಿದೆ, ಆದರೆ ಸರಿಯಾಗಿದೆ. ದಾರಿ ಎಷ್ಟು ಎಂದು ಎಣಿಸುವುದರ ಜೊತೆಗೆ, ಯಾವ ದಾರಿ ಯಾವ ಕಂಟ್ರೋಲರಿಗೆ ಹೋಗುತ್ತದೆ ಎಂದು ಹೆಸರು ಹಿಡಿದು ಓದುತ್ತೇವೆ. 'ಆಮೇಲೆ ನೋಡೋಣ' ಕಡತವನ್ನು ತೆಗೆದುಹಾಕಿದೆವು. ಮೂರು ತಿಂಗಳಿಗೊಮ್ಮೆ, ಎಲ್ಲರಿಗೂ ಮೊದಲೇ ತಿಳಿಸಿ, ಒಂದು ಕೇಬಲನ್ನು ನಿಜವಾಗಿಯೂ ಕೀಳುತ್ತೇವೆ. ಹೆಸರು ಜೊತೆಗಾರನಿಗೆ ಹೋಯಿತೇ ಎಂದು ನೋಡಿ, ಮರಳಿ ಸಿಕ್ಕಿಸಿ, ಹೆಸರು ಮನೆಗೆ ಹಿಂತಿರುಗಿತೇ ಎಂದೂ ನೋಡುತ್ತೇವೆ. ಕೀಳುವ ಅಧಿಕಾರ ಸೊಲ್ಲಾಪುರದ ಹುಡುಗಿಯದು. ಮೊದಲ ಸಲ ಕಿತ್ತಾಗ ಅವಳು ನಮ್ಮ ಮುಖ ನೋಡಿದಳು. ಗುದ್ದಲಿಯ ಮಾತನ್ನು ಅವಳು ಎತ್ತಲಿಲ್ಲ. ಅದು ಅವಳ ದೊಡ್ಡತನ.

ಕಚೇರಿಯಲ್ಲಿ ಇಷ್ಟು ಪಾಠ ಕಲಿತವರು ಮನೆಯಲ್ಲಿ ಜಾಣರಾಗಿರುತ್ತಾರೆ ಎಂದು ವಾಚಕರು ಭಾವಿಸಬಹುದು. ಆ ಭ್ರಮೆಯನ್ನೂ ಕಳೆದುಬಿಡುತ್ತೇವೆ.

ನಮ್ಮ ತಾಯಿಯವರು ಕುಂದಾಪುರದ ಬಳಿ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮುಂಬಯಿಗೆ ಬರುವುದಿಲ್ಲ, ಇಲ್ಲಿಯ ನೀರು ಒಗ್ಗುವುದಿಲ್ಲ, ಬಾವಿಯಿಲ್ಲ, ತುಳಸಿಗೆ ಬಿಸಿಲಿಲ್ಲ ಎಂಬುದು ಅವರ ವಾದ. ನಾವು ಡೊಂಬಿವಲಿಯಲ್ಲಿ, ನಮ್ಮ ತಮ್ಮ ಪುಣೆಯಲ್ಲಿ. "ನಿಮಗೇನಮ್ಮ, ಎರಡು ಗಂಡುಮಕ್ಕಳು" ಎಂದು ಊರಿನವರು ಅವರಿಗೆ ಹೇಳುತ್ತಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು. ತಮ್ಮ ಫೋನು ಮಾಡಿರುತ್ತಾನೆ ಎಂದು ನಾವು. ಅಣ್ಣ ಮಾಡಿರುತ್ತಾನೆ ಎಂದು ಅವನು. ಮನೆಯಲ್ಲಿ ಗೋಡೆಯ ಫೋನೊಂದು, ಮೊಬೈಲೊಂದು. ಎಣಿಸಿದರೆ ದಾರಿಗಳು ಇಲ್ಲಿಯೂ ನಾಲ್ಕಕ್ಕೆ ನಾಲ್ಕು.

2021ರ ಜುಲೈ ತಿಂಗಳು. 21ನೆಯ ತಾರೀಖು ಬುಧವಾರ ರಾತ್ರಿ ತಾಯಿಯವರು ಬಚ್ಚಲಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಸೊಂಟ ಉಳುಕಿ ಏಳಲಾಗಲಿಲ್ಲ. ಒಂದು ಫೋನು ಜಗಲಿಯಲ್ಲಿ, ಇನ್ನೊಂದು ಅಡಿಗೆಮನೆಯಲ್ಲಿ. ಬೆಳಿಗ್ಗೆ ಹಾಲು ತಂದ ಹುಡುಗ ಕೂಗು ಕೇಳಿ ಪಕ್ಕದ ಮನೆಯ ಮಾಸ್ತರರನ್ನು ಕರೆತಂದ. ಒಳಗಿನ ಅಗುಳಿ ಮುರಿದು ಒಳಹೊಕ್ಕು ಆಸ್ಪತ್ರೆಗೆ ಸಾಗಿಸಿದ ಮೇಲೆ ಮಾಸ್ತರರು ನಮಗೆ ಫೋನು ಮಾಡಿದರು. ಭಾನುವಾರದಿಂದ ನಾವಿಬ್ಬರೂ ತಾಯಿಯೊಡನೆ ಮಾತನಾಡಿರಲಿಲ್ಲ. ಆ ಬುಧವಾರ ರಾತ್ರಿ ಒಬ್ಬರಾದರೂ ಫೋನು ಮಾಡಿದ್ದರೆ, ಉತ್ತರ ಬಾರದುದನ್ನು ಕಂಡು ಆಗಲೇ ಮಾಸ್ತರರನ್ನು ಎಬ್ಬಿಸುತ್ತಿದ್ದೆವು. ರಾತ್ರಿಯೆಲ್ಲ ಒದ್ದೆ ನೆಲದ ಮೇಲೆ ಮಲಗುವ ಪ್ರಸಂಗ ಬರುತ್ತಿರಲಿಲ್ಲ.

ಹೊರಡೋಣವೆಂದರೆ ದಾರಿ ಎಲ್ಲಿ? ಕೊಂಕಣ ರೈಲು 1998ರಲ್ಲಿ ಪೂರ್ಣವಾದಂದಿನಿಂದ ಕರಾವಳಿಯವರಾದ ನಮಗೆ ಊರು ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರವಾಗಿದೆ ಎಂದು ಬೀಗುತ್ತಿದ್ದೆವು. ಆ ಗುರುವಾರ, 22ನೆಯ ತಾರೀಖು, ಚಿಪಳೂಣದಲ್ಲಿ ವಾಶಿಷ್ಠಿ ನದಿ ಉಕ್ಕಿ ಊರೇ ಮುಳುಗಿತು, ರೈಲು ನಿಂತಿತು. ಅಂಥ ಸಮಯದಲ್ಲಿ ರೈಲಿನವರಿಗೂ ಒಂದು ಫೇಲೋವರ್ ಉಂಟು: ಗಾಡಿಗಳನ್ನು ಮಡಗಾಂವಿನಿಂದ ಲೋಂಡಾ, ಮಿರಜಿನ ಮೇಲೆ ತಿರುಗಿಸುತ್ತಾರೆ. ಹಾಗೆ ತಿರುಗಿಸಿದ ಮಂಗಳೂರು–ಮುಂಬಯಿ ಗಾಡಿ 23ರಂದು ದೂಧ್‌ಸಾಗರದ ಹತ್ತಿರ ಗುಡ್ಡ ಕುಸಿದು ಹಳಿ ತಪ್ಪಿತು. ಪುಣೆಯಿಂದ ತಮ್ಮ ಕಾರಿನಲ್ಲಿ ಹೊರಟ. ಕೊಲ್ಲಾಪುರದ ಬಳಿ ಪಂಚಗಂಗೆಯ ನೀರು ಬೆಂಗಳೂರು ಹೆದ್ದಾರಿಯ ಮೇಲೆಯೇ ಹರಿದು ಸಂಚಾರ ನಿಂತಿತು, ಅವನು ಹಿಂತಿರುಗಿದ. ನಕ್ಷೆಯಲ್ಲಿ ನೋಡಿದರೆ ಮೂರು ಬೇರೆ ಬೇರೆ ದಾರಿ. ಆದರೆ ಅವೆಲ್ಲದರ ಮೇಲೆ ಸುರಿದ ಮಳೆ ಒಂದೇ, ಅವು ಹಾದುಹೋಗುವ ಸಹ್ಯಾದ್ರಿಯೂ ಒಂದೇ.

ಕೊನೆಗೆ ವಿಮಾನದಲ್ಲಿ ಹೋದೆವು. ಅದು ಕೊರೋನಾದ ಕಾಲ. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕಾಲಿಡಲು ಪರೀಕ್ಷೆಯ ವರದಿ ಬೇಕಾಗಿದ್ದಿತು. ಅದಕ್ಕೊಂದು ದಿನ ಕಾದು, ಮಂಗಳೂರಿಗೆ ಇಳಿದು, ಊರು ಸೇರಿದಾಗ ಭಾನುವಾರ. ತಾಯಿಯವರು ಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದರು. ನಮ್ಮನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ. "ರಾತ್ರಿಯಿಡೀ ಫೋನ್ ಬತ್ತಾ ಅಂದೇಳಿ ಕಾದೆ, ಬರ್ಲಿಲ್ಲೆ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅವ ಮಾಡ್ತ ಅಂದೇಳಿ ನೀ ಮಾಡ್ಲಿಲ್ಲೆ, ನೀ ಮಾಡ್ತೆ ಅಂದೇಳಿ ಅವ ಮಾಡ್ಲಿಲ್ಲೆ. ಅಲ್ದಾ?" ಎಂದರು. ಇಪ್ಪತ್ತು ವರ್ಷ ಫೇಲೋವರ್ ಕೆಲಸ ಮಾಡಿದವರ ಮನೆಯ ದೋಷವನ್ನು ತಾಯಿಯವರು ಮಂಚದ ಮೇಲೆ ಕುಳಿತೇ ಕಂಡುಹಿಡಿದಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆಗ ಒಂದು ಕಟ್ಟಳೆ ಮಾಡಿದೆವು. ಬೆಸ ತಾರೀಖು ನಾವು, ಸರಿ ತಾರೀಖು ತಮ್ಮ. ಸಂಜೆ ಏಳು ಗಂಟೆಗೆ ಫೋನು. ತಿಂಗಳ 31ನೆಯ ದಿನವೂ ಮರುದಿನ 1ನೆಯ ದಿನವೂ ನಮ್ಮ ಪಾಲಿಗೇ ಬರುತ್ತದೆಂದು ತಮ್ಮ ನಗುತ್ತಾನೆ, ಬರಲಿ. ಮಾಡಿದವರು ಇನ್ನೊಬ್ಬರಿಗೆ "ಮಾತಾಡಿದೆ" ಎಂದು ಒಂದು ಪದ ಬರೆದು ಕಳುಹಿಸಬೇಕು. ಏಳೂವರೆಯಾದರೂ ಆ ಪದ ಬರದಿದ್ದರೆ ಇನ್ನೊಬ್ಬರು ಫೋನು ಮಾಡಬೇಕು. ತಾಯಿಯವರು ಎತ್ತದಿದ್ದರೆ ಮಾಸ್ತರರಿಗೆ ಹೇಳಬೇಕು. ಮಾಸ್ತರರ ಬಳಿ ಮನೆಯ ಕೀಲಿಕೈ. ಅವರ ಫೋನು ತಾಯಿಯವರದಕ್ಕಿಂತ ಬೇರೆ ಕಂಪನಿಯದು. ಒಂದು ಗೋಪುರ ಕೆಟ್ಟರೂ ಇನ್ನೊಂದು ಇರುತ್ತದೆ. ಬೀದಿ ಒಂದೇ, ಪಕ್ಕದ ಮನೆಯಾದ್ದರಿಂದ ಆ ನಿಯಮವೂ ಸರಿಹೊಂದಿತು.

ನಮ್ಮಾಕೆ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಅಲ್ಲಾ ರೀ, ನಿಮ್ಮ ಆಫೀಸಿನಲ್ಲಿ ಕೇಬಲ್ ಕಿತ್ತು ನೋಡ್ತೀವಿ ಅಂತೀರಲ್ಲ, ಇದನ್ನು ನೋಡೋದು ಬೇಡವೇ?"

ತಾಯಿಯವರಿಗೆ ವಿಷಯ ತಿಳಿಸಿದೆವು. ಬೇಸರಪಟ್ಟಾರೆಂದು ಅಳುಕಿದ್ದೆವು; ಅವರಿಗೆ ಮಹದಾನಂದವಾಯಿತು. ತಿಂಗಳಿಗೊಂದು ದಿನ, ತಮಗೆ ಇಷ್ಟ ಬಂದ ದಿನ, ಅವರು ಫೋನು ಎತ್ತುವುದಿಲ್ಲ. ನಮಗೂ ಮೊದಲೇ ತಿಳಿಸುವುದಿಲ್ಲ. ಮೊದಲ ಪರೀಕ್ಷೆಯ ದಿನ ತಮ್ಮನಿಗೆ ಉತ್ತರ ಬರಲಿಲ್ಲ, ಅವನು ಮಾಸ್ತರರಿಗೆ ಹೇಳಿದ, ಮಾಸ್ತರರು ಎಂಟು ನಿಮಿಷದಲ್ಲಿ ಕೀಲಿಕೈ ಹಿಡಿದು ಬಂದರು. ಎಲ್ಲವೂ ಕಟ್ಟಳೆಯಂತೆಯೇ ನಡೆಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಮುರಿದ ಅಗುಳಿಯ ಜಾಗಕ್ಕೆ ನಾವೇ ಹೊಸ ಅಗುಳಿ ಹಾಕಿಸಿ ಬಂದಿದ್ದೆವು. ತಾಯಿಯವರು ಐವತ್ತು ವರ್ಷದ ಅಭ್ಯಾಸದಂತೆ ಸಂಜೆಯಾಗುತ್ತಲೇ ಅದನ್ನು ಒಳಗಿನಿಂದ ಹಾಕಿಕೊಂಡಿದ್ದರು. ಕೀಲಿಕೈ ಮಾಸ್ತರರ ಕೈಯಲ್ಲಿ ಸುಮ್ಮನೆ ಉಳಿಯಿತು.

ಅಗುಳಿಯನ್ನು ತೆಗೆಸಿ, ಹೊರಗಿನಿಂದಲೂ ಕೀಲಿಕೈಯಲ್ಲಿ ತೆರೆಯುವ ಬೀಗ ಹಾಕಿಸಿದೆವು. ಕಳ್ಳರ ಭಯ ಹೇಳಿ ತಾಯಿಯವರು ಒಂದು ವಾರ ತಕರಾರು ಮಾಡಿದರು. ಆಮೇಲೆ ಒಪ್ಪಿದರು.

ಹೋದ ತಿಂಗಳ 17ರಂದು ನಮ್ಮ ಪಾಳಿ. ಏಳು ಗಂಟೆಗೆ ಫೋನು ಮಾಡಿದೆವು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆವು, ಇಲ್ಲ. ಇದು ಪರೀಕ್ಷೆಯೇ ಇರಬೇಕೆಂದು ಬುದ್ಧಿ ಹೇಳುತ್ತದೆ, ಎದೆ ಕೇಳುವುದಿಲ್ಲ. ಮಾಸ್ತರರಿಗೆ ಹೇಳಿ ಫೋನು ಕೈಯಲ್ಲೇ ಹಿಡಿದು ಕುಳಿತೆವು. ನಮ್ಮಾಕೆ ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಫೋನು ಬಾರಿಸಿತು. ತಾಯಿಯವರೇ. ಹಿಂದೆ ಮಾಸ್ತರರು ಏದುಸಿರು ಬಿಡುವುದು ಕೇಳಿಸುತ್ತಿದ್ದಿತು. ತಾಯಿಯವರು ಅವರಿಗೆ ಕಷಾಯ ಕುಡಿದೇ ಹೋಗಬೇಕೆಂದು ಒತ್ತಾಯ ಮಾಡುತ್ತಿದ್ದರು.

"ಆರು ನಿಮಿಷ ಮಗ" ಎಂದರು. "ಬಾಗಿಲೂ ತೆರೀತ್."